ಬಂದ ದಿನವೂ ದಿನವೇ

ತಾಲ್ಲೂಕು ಕಚೇರಿ ಎದುರಿನ ನನ್ನ ಜೆರಾಕ್ಸ್ ಅಂಗಡಿಗೆ
ವಾಸದ ಪತ್ರ ಬೇಕಾದವರೇ ಹೆಚ್ಚು ಬರುತ್ತಾರೆ.
ಇಂಥವರ ಮಗ ಇಂಥವರು ಇಂಥ ಬೀದಿಯಲ್ಲಿ
ಏಳು ವರ್ಷದಿಂದ ಖಾಯಂ ಇದ್ದಾರೆಂದು
ದಿನಕ್ಕೆ ಇಪ್ಪತ್ತು ಸಲ ಟೈಪು ಮಾಡುತ್ತೇನೆ,
ಮೂರು ವರ್ಷಕ್ಕೆ ನಾಲ್ಕು ಬಾಡಿಗೆ ಮನೆ ಬದಲಿಸಿದ ನಾನು.

ಅಸುಂತ ಬಂದದ್ದು ಮಧ್ಯಾಹ್ನ, ಕರೆಂಟು ಹೋಗಿದ್ದಾಗ.
ಕಂಕುಳಲ್ಲಿ ರಸ್ಕಿನ ಡಬ್ಬಿ, ಡಬ್ಬಿಯ ತುಂಬ ಕೆನಡಾ:
ಸಂಬಳದ ಚೀಟಿ, ಬಸ್ ಪಾಸು, ಹಲ್ಲು ಕೀಳಿಸಿದ ಬಿಲ್ಲು,
ಹಿಮ ಎತ್ತುವ ಸಲಿಕೆ ಕೊಂಡ ರಸೀದಿ.
"ಐದು ವರ್ಷದಲ್ಲಿ ಏಳುನೂರ ಮೂವತ್ತು ದಿನ
ಅಲ್ಲೇ ಇದ್ದೆ ಅಂತ ತೋರಿಸ್ಬೇಕು.
ಇಳಿದ ಕೂಡಲೇ ಕೇಳ್ತಾರೆ.
ನಾನು ಎಣಿಸಿದ್ರೆ ಏಳುನೂರ ಹತ್ತೊಂಬತ್ತೇ ಬರ್ತದೆ."

ಕರೆಂಟು ಬರುವವರೆಗೆ ನಾವೂ ಎಣಿಸೋಣ ಎಂದೆ.
ಮೊಳೆಗೆ ಒಂದರ ಮೇಲೊಂದು ಸಿಕ್ಕಿಸಿದ್ದ
ಹಳೆಯ ಕ್ಯಾಲೆಂಡರುಗಳನ್ನು ಇಳಿಸಿದೆ.
ರಾಹುಕಾಲ, ಸಂಕಷ್ಟಿ, ಗ್ಯಾಸ್ ಬಂದ ತಾರೀಖು,
ಅದರ ಮೇಲೆ ಹಸಿರು ಪೆನ್ನಿನಲ್ಲಿ
ರಿಜೈನಾದ ವೃದ್ಧಾಶ್ರಮದಲ್ಲಿ ಅವಳ ರಾತ್ರಿ ಪಾಳಿಗಳು.

"ಬಂದಿಳಿದ ದಿನ ಯಾಕೆ ಬಿಟ್ಟಿದ್ದೀರಿ?"
"ಅರ್ಧ ದಿನ ಅಲ್ವಾ."
ನಮ್ಮಜ್ಜಿ ಬಾಣಂತಿಯ ದಿನ ಎಣಿಸುತ್ತಿದ್ದಳು,
ಹೆತ್ತದ್ದು ರಾತ್ರಿ ಹನ್ನೊಂದಕ್ಕಾದರೂ ಆ ದಿನ ಒಂದು.
ಸೂತಕಕ್ಕೂ ಅದೇ ಲೆಕ್ಕ.
ಅವಳು ಫೋನಿನಲ್ಲಿ ನಿಯಮ ಹುಡುಕಿ ಓದಿದಳು,
ಓದಿ ನಕ್ಕಳು. ಆ ಸರ್ಕಾರಕ್ಕೂ
ನಮ್ಮಜ್ಜಿಗೂ ತಕರಾರಿಲ್ಲ:
ಬಂದ ದಿನವೂ ದಿನವೇ, ಹೊರಟ ದಿನವೂ ದಿನವೇ.
ನಾಲ್ಕು ಸಲ ಹೋಗಿ ಬಂದದ್ದಕ್ಕೆ ಎಂಟು ದಿನ ಸಿಕ್ಕಿತು.
ಏಳುನೂರ ಇಪ್ಪತ್ತೇಳು.
ನಾಡಿದ್ದು ಇಳಿಯುವ ದಿನ ಸೇರಿಸಿದರೆ ಇಪ್ಪತ್ತೆಂಟು.

ಎರಡು ದಿನ.
ಎರಡು ದಿನ ಎಲ್ಲಿಂದ ತರುವುದು?

ಬ್ಯಾಂಕಿನ ಪುಸ್ತಕ ತಿರುವಿದೆವು.
ಹದಿನಾಲ್ಕು ತಿಂಗಳು ಅಕ್ಕಿಯಿಲ್ಲ, ಹಾಲಿಲ್ಲ, ಬಸ್ಸಿಲ್ಲ.
ತಿಂಗಳಿಗೊಮ್ಮೆ ಬ್ಯಾಂಕಿನ ಶುಲ್ಕ ಮಾತ್ರ
ಅವಳ ಪರವಾಗಿ ಅಲ್ಲಿ ವಾಸವಾಗಿತ್ತು.

ಕರೆಂಟು ಬಂತು. ಅರ್ಜಿಯ ಕೊನೆಯಲ್ಲಿ
ಬೆರಳುದ್ದದ ಚೌಕ: ಹೊರಗಿದ್ದುದಕ್ಕೆ ಕಾರಣ.
"ವೈಯಕ್ತಿಕ" ಎಂದಳು. ಹೊಡೆದೆ. ಅಳಿಸು ಎಂದಳು.
"ಅಕ್ಕ ಹಿಲ್ಡಾಳ ಆರೋಗ್ಯ." ಅದನ್ನೂ ಅಳಿಸು.
ಆಮೇಲೆ ಮಂಗಳೂರಿನ ಆಸ್ಪತ್ರೆಯ ಹಾಳೆ ಬಿಡಿಸಿ
ಗಾಜಿನ ಮೇಲೆ ಬೋರಲು ಇಟ್ಟು,
ಯಾರದೋ ಸೈಕಲ್ಲಿನ ಮಾತಾಡುವಂತೆ ಹೇಳಿದಳು:
"ಎಡಗಡೆಯದು ಕೊಟ್ಟೆ.
ಅದು ಈಗ ಉಪ್ಪಳ್ಳಿಯಲ್ಲಿ ಖಾಯಂ ನಿವಾಸಿ.
ಅದಕ್ಕೆ ಯಾರೂ ಕಾಗದ ಕೇಳೋದಿಲ್ಲ."
ಬೆಳಕಿನ ಪಟ್ಟಿ ಹಾಳೆಯ ಕೆಳಗೆ ಒಮ್ಮೆ ಹಾದುಹೋಯಿತು.

ಚೌಕದಲ್ಲಿ ಕೊನೆಗೆ ಏನು ಬರೆದೆವೆಂದು
ಹೇಳುವುದಿಲ್ಲ, ಅದು ಅವಳ ಕಾಗದ.
ಎಂಬತ್ನಾಲ್ಕು ರೂಪಾಯಿ ಆಯಿತು. ನೂರು ಕೊಟ್ಟು
ಚಿಲ್ಲರೆಗೆ ನಿಲ್ಲದೆ ಹನುಮಂತಪ್ಪ ಸರ್ಕಲ್ ಕಡೆಗೆ,
ಬೆಂಗಳೂರು ಬಸ್ಸಿಗೆ ಓಡಿದಳು,
ಎಡ ಪಕ್ಕೆಗೆ ಡಬ್ಬಿ ತಾಗದಂತೆ ಬಲಕ್ಕೆ ವಾಲಿ.

ಸಂಜೆ ಯಾರೋ ರೇಷನ್ ಕಾರ್ಡು ತಂದರು.
ಮುಚ್ಚಳ ಎತ್ತಿದರೆ ಗಾಜಿಗೆ ಅಂಟಿಕೊಂಡು ಒಂದು ಚೀಟಿ,
ಔಷಧಿ ಅಂಗಡಿಯ ಬಿಲ್ಲಿನಂಥ ನಯ ಕಾಗದ.
ಅಕ್ಷರವೆಲ್ಲ ಹಾರಿ ಬರೀ ಬಿಳಿ.
ಬಿಸಾಡಬೇಕೆಂದಿದ್ದವಳು ಯಾಕೋ
ಮಸಿ ಪೂರ್ತಿ ಏರಿಸಿ ಒಂದು ಪ್ರತಿ ತೆಗೆದೆ.
ಹೊಗೆ ಹಿಡಿದ ಗೋಡೆಯಂಥ ಹಾಳೆಯಲ್ಲಿ
ವಿಮಾನದ ಸೀಟು, ಅವಳ ಹೆಸರಿನ ಅರ್ಧ,
ಮತ್ತೆ ತಾರೀಖು. ಮಾರ್ಚ್ ಒಂಬತ್ತು.

ಈ ದಿನ ಎಣಿಸಿದ್ದೆವೋ?
ಕ್ಯಾಲೆಂಡರು ತಿರುವುತ್ತ ನಿಂತೆ.
ಒಂಬತ್ತರ ಚೌಕದಲ್ಲಿ ಹಸಿರು ಗೆರೆಯಿದೆ,
ಅದು ಹತ್ತರಿಂದ ಚಾಚಿದ್ದೂ ಇರಬಹುದು.
ರೇಷನ್ ಕಾರ್ಡಿನವನು ಕೆಮ್ಮಿದ.
ಫೋಟೊ ತೆಗೆದು ಅವಳಿಗೆ ಕಳಿಸಿದೆ.

ಒಂದೇ ಟಿಕ್ಕು.
ಬಸ್ಸು ಇನ್ನೂ ಹಾಸನ ದಾಟಿರಲಿಕ್ಕಿಲ್ಲ.